ಮುಕಾದಮ ಸಾಯಬಣ್ಣನ ಏಳನೆಯ ಪದ

ವಾಡಿಯ ಸಾಯಬಣ್ಣ ಮೂವತ್ತನಾಲ್ಕು ವರ್ಷ ರೈಲು ಹಳಿಯ ಮೇಲೆ ನಡೆದವನು. ಗ್ಯಾಂಗ್‌ಮನ್ ಆಗಿ ಸೇರಿ, ಹದಿನೆಂಟು ಆಳುಗಳ ಗ್ಯಾಂಗಿಗೆ ಮುಕಾದಮನಾಗಿ ನಿವೃತ್ತನಾದ. ರೈಲ್ವೆಯವರು ಅವನನ್ನು ನೌಕರಿಯಿಂದ ಬಿಡಿಸಿದರೇ ಹೊರತು ಮುಕಾದಮಿಕೆಯಿಂದ ಬಿಡಿಸಲಿಲ್ಲ. ಇವತ್ತಿಗೂ ಚಹಾ ಅಂಗಡಿಗೆ ಬಂದರೆ, ಬೆಂಚಿನ ಮೇಲಿನವರು ಒಂದೇ ಸಾಲಿನಲ್ಲಿ ಕುಳಿತಿದ್ದಾರೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ನನಗಿಂತ ಹತ್ತು ವರ್ಷ ದೊಡ್ಡವನು. ಎದುರಿಗೆ ‘ಮುಕಾದಮ್ರ’ ಅನ್ನುತ್ತೇನೆ. ಏಕವಚನದ ಧೈರ್ಯವೆಲ್ಲ ಕಾಗದದ ಮೇಲಷ್ಟೇ.

ಅವನ ದೈವ ಸೋಮಯ್ಯ ತಾತ. ನೂರೈವತ್ತು ವರ್ಷದ ಹಿಂದೆ ಕಾಗಿಣಾ ದಂಡೆಯಲ್ಲಿ ಕುಳಿತು ತತ್ವಪದ ಕಟ್ಟಿದ ಈ ತಾತನ ‘ಗಾಡಿ ತುಂಬಿ ಎತ್ತ ಹೊಂಟೀ’ ಎಂಬ ಪದ ಗೊತ್ತಿಲ್ಲದ ಮನೆ ಸೇಡಂನಿಂದ ಚಿಂಚೋಳಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಸತ್ತವರ ಮನೆಯಲ್ಲಿ ಹಾಡುತ್ತಾರೆ. ಅರ್ಥ ಯೋಚಿಸದೆ ಹೊಸ ಟ್ರ್ಯಾಕ್ಟರಿನ ಪೂಜೆಯಲ್ಲೂ ಹಾಡುತ್ತಾರೆ. ಪದದ ಕೊನೆಗೆ ಅಂಕಿತ ಬರುತ್ತದೆ, ಅಂದರೆ ಕಟ್ಟಿದವನ ರುಜು. ‘ಗುರು ಸೋಮ’ ಎಂಬ ಆ ಅಂಕಿತ ಕಿವಿಗೆ ಬಿದ್ದರೆ ಸಾಕು, ಮೊಬೈಲು ನೋಡುತ್ತಿದ್ದವರ ಕೈಗಳೂ ತಾವಾಗಿ ಕೂಡುತ್ತವೆ. ಸಾಯಬಣ್ಣ ಇದನ್ನು ನಲವತ್ತು ವರ್ಷದಿಂದ ಹಾಡುತ್ತ ಬಂದಿದ್ದಾನೆ.

ಅಷ್ಟಕ್ಕೇ ನಿಂತಿದ್ದರೆ ನಾವೆಲ್ಲ ಸುಖವಾಗಿರುತ್ತಿದ್ದೆವು. ಮೂರು ವರ್ಷದ ಹಿಂದೆ ಒಂದು ದಿನ ನಾನೂ ಅವನೂ ದಂಡೋತಿಗೆ ಹೋಗಿದ್ದೆವು. ಅಲ್ಲಿ ಗುಂಡಮ್ಮ ಎಂಬ ಅಂಗನವಾಡಿ ಕಾರ್ಯಕರ್ತೆ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಏನೋ ಗುನುಗುತ್ತಿದ್ದಳು. ಸಾಯಬಣ್ಣ ಹಳಿಯಲ್ಲಿ ಬಿರುಕು ಕಂಡವನ ಹಾಗೆ ನಿಂತುಬಿಟ್ಟ.

“ಇದ್ಯಾರ ಪದ ತಂಗಿ?”

“ಸೋಮಯ್ಯ ತಾತಂದರಿ. ಒಳಮನಿ ಪದ.”

“ಸೋಮಯ್ಯ ತಾತಂದು ನನಗ ಬರಲಾರದ್ದು ಒಂದು ಅದ ಏನ್?”

“ಒಂದಲ್ಲರಿ, ಏಳವ,” ಎಂದಳು ಗುಂಡಮ್ಮ, ಮೊರದಿಂದ ಕಣ್ಣು ತೆಗೆಯದೆ.

ಅವಳು ಹೇಳಿದ್ದು ಇಷ್ಟು. ದೊಡ್ಡ ಭಜನೆ ಮುಗಿದು ಜನ ಚದುರಿದ ಮೇಲೆ ತಾತ ಒಳಮನೆಯಲ್ಲಿ ನಾಲ್ಕೇ ಜನರನ್ನು ಕೂರಿಸಿಕೊಂಡು ಹಾಡುತ್ತಿದ್ದ ಪದಗಳಿವು. ಬದಿಗೆ ತೊಟ್ಟಿಲಿರುತ್ತಿತ್ತಾದ್ದರಿಂದ ಡೋಲಕಿ ಇಲ್ಲ, ತಾಳ ಇಲ್ಲ. ನಾಲ್ಕು ಏಕತಾರಿ, ನಾಲ್ಕು ದನಿ, ಅಷ್ಟೇ. ಹೊರಗಿನ ಪದಗಳಲ್ಲಿ ಊರಿಗೆ ಬುದ್ಧಿ ಹೇಳಿದ ತಾತ ಇವುಗಳಲ್ಲಿ ಹೆಂಡತಿ ನಿಂಬೆವ್ವನ ಕೈಲಿ ಬೈಸಿಕೊಳ್ಳುತ್ತಾನೆ. ಅದಕ್ಕೇ ಇಲ್ಲಿ ಅಂಕಿತವೂ ಬೇರೆ: ‘ಗುರು ಸೋಮ’ ಅಲ್ಲ, ‘ನಿಂಬೆವ್ವನ ಸೋಮ’. ಗುಂಡಮ್ಮನಿಗೆ ಇವು ಬಂದದ್ದು ಅತ್ತೆಯ ಬಾಯಿಂದ.

ತಿಂಗಳೊಪ್ಪತ್ತಿನಲ್ಲಿ ಅವು ‘ನಾನು ಶೋಧ ಮಾಡಿದ ಪದ’ಗಳಾದವು. ಮೇಳ ತಯಾರಾಯಿತು. ಮುಂದಿನ ದನಿ ಸಾಯಬಣ್ಣನದು, ಕೇಳುವ ಮಾತೇ ಇಲ್ಲ. ಹಿಂದಿನ ದನಿ ಗುಂಡಮ್ಮನದು. ಮೂರನೆಯವನು ಚಿಮ್ಮನಚೋಡದ ಟೇಲರ್ ಭೀಮಶ್ಯಾ. ಯಾರು ಏನೇ ಹೇಳಲಿ, “ಅದೂ ಖರೇನ” ಅನ್ನುವ ಸಾತ್ವಿಕ. ನಾಲ್ಕನೆಯವನು ಚಿತ್ತಾಪುರದ ನಾನು. ಏಕತಾರಿಗೆ ಇರುವುದು ಒಂದೇ ತಂತಿ. ಅದನ್ನೂ ತಪ್ಪು ಬಾರಿಸಬಹುದು ಎಂದು ಮೇಳಕ್ಕೆ ತೋರಿಸಿಕೊಟ್ಟವನು ನಾನೇ.

ಪದಗಳ ಜೊತೆಗೆ ಗುಂಡಮ್ಮನ ಅತ್ತೆಯ ಕಟ್ಟಳೆಯೊಂದೂ ಬಂದಿತ್ತು. ಪದ ಎತ್ತಿಕೊಂಡ ಮೇಲೆ ಅಂಕಿತ ಮುಟ್ಟುವತನಕ ನಿಲ್ಲಿಸುವಂತಿಲ್ಲ. ಅಂಕಿತ ಮುಟ್ಟಿದ ಮೇಲೆ ತಿದ್ದುವಂತಿಲ್ಲ. ಗುಂಡಮ್ಮ ಇದನ್ನು ಅತ್ತೆಯ ಮಾತು ಎಂದು ಪಾಲಿಸುತ್ತಿದ್ದಳು. ಸಾಯಬಣ್ಣ ರೈಲ್ವೆಯ ನಿಯಮದಂತೆ ಜಾರಿಗೆ ತಂದ.

ಹಾಗೇ ಹಾಡಿಕೊಂಡು ಇನ್ನಷ್ಟು ವರ್ಷ ಕಳೆಯುತ್ತಿದ್ದೆವೇನೋ. ಆದರೆ ಕಳೆದ ವರ್ಷ ಸಾಯಬಣ್ಣನ ಹಲ್ಲು ಅಲುಗಾಡತೊಡಗಿದವು. ತಂಬಾಕಿನ ಕೃಪೆ. ಒಸಡು ಕೊಳೆತು ಕೀವು ಕಟ್ಟಿ, ಮುಂದಿನ ಆರು ಹಲ್ಲು ತೆಗೆಯಲೇಬೇಕು ಎಂದರು ಕಲಬುರಗಿಯ ದಂತವೈದ್ಯರು. ಇನ್ನು ತಡ ಮಾಡಿದರೆ ಸೋಂಕು ಎಲುಬಿಗಿಳಿಯುತ್ತದೆ ಎಂದೂ ಹೆದರಿಸಿದರು. ಸಾಯಬಣ್ಣ ಹೆದರಿದ್ದು ಎಲುಬಿಗಲ್ಲ.

“ಹಲ್ಲ ಹೋದ್ರ ‘ಸ’ ಹೋತು,” ಎಂದ ನನಗೆ. “‘ಸ’ ಹೋದಮ್ಯಾಲ ಸೋಮ ಎಲ್ಲಿ ಉಳದ? ಥೋಮ ಅನ್ನಲೇನು? ತಾತನ ಹೆಸರು ಸುದ್ದ ಅನ್ನಲಾರದವ ತಾತನ ಪದ ಹ್ಯಾಂಗ ಹಾಡ್ಬೇಕು? ಏಳೂ ಪದ ನನ್ನ ದನಿಯಾಗ ರೆಕಾರ್ಡ್ ಆಗಬೇಕು ನೋಡು, ಹಲ್ಲು ಇರೂತನಕ.”

ಹೀಗೆ ನಾವು ಜಬೀನಾಳ ಪಾಲಿಗೆ ಬಿದ್ದೆವು. ಶಹಾಬಾದಿನಲ್ಲಿ ಅವಳದೊಂದು ಸಣ್ಣ ಸ್ಟುಡಿಯೋ. ಹಳೇ ಕಬ್ಬಿಣದ ಗಾಡಿ, ಸೀರೆ ಸೇಲು, ಕಸದ ವ್ಯಾನು: ಈ ಭಾಗದ ಓಣಿಗಳಲ್ಲಿ ಮೈಕಿನಿಂದ ಕೂಗುವ ದನಿಗಳಲ್ಲಿ ಅರ್ಧ ಅಲ್ಲೇ ಹುಟ್ಟಿದ್ದು. ಮೂವತ್ತೈದರ ಹೆಣ್ಣುಮಗಳು, ಕೆಲಸದಲ್ಲಿ ಚುರುಕು, ತಾಳ್ಮೆಯಲ್ಲಿ ಅದಕ್ಕಿಂತ ಹೆಚ್ಚು. ತಾಳ್ಮೆ ಇತ್ತು ಅನ್ನಬೇಕು. ನಾವು ಹೋಗುವ ಮುಂಚೆ.

ಮೊದಲ ದಿನವೇ ಹಾಡಿನ ನಡುವೆ ಯಾರೋ ಬಾಗಿಲು ಬಡಿದರು. ಜಬೀನಾ ಕೈಯೆತ್ತಿ, “ಕಟ್ ಚಾಚಾ, ಕಟ್,” ಎಂದಳು. ಸಾಯಬಣ್ಣ ಕಣ್ಣಲ್ಲೇ ‘ಆಗದು’ ಎಂದ. ನಾಲ್ವರೂ ಹಾಡುತ್ತಲೇ ಹೋದೆವು. ಅವಳು ಎದ್ದು ಬಾಗಿಲು ತೆರೆದು, ಬಂದವನ ಜೊತೆ ಮಾತಾಡಿ, ಕಳಿಸಿ ಬಂದಾಗಲೂ ಇನ್ನೆರಡು ನುಡಿ ಬಾಕಿ ಇದ್ದವು.

“ಕೆಟ್ಟದ್ದಷ್ಟೇ ಮತ್ತ ಹಾಡ್ರಿ ಚಾಚಾ. ನಾ ಜೋಡಸ್ತೀನಿ,” ಎಂದಳು.

“ಹಳಿ ತುಂಡ ಮಾಡಿ ಜೋಡಸೋದು ನನಗ ತಿಳೀತದ ತಂಗಿ. ಪದ ಹಂಗಲ್ಲ.”

“ಅದೂ ಖರೇನ,” ಎಂದ ಭೀಮಶ್ಯಾ.

ಒಬ್ಬರು ಕೆಮ್ಮಿದರೆ ಪದ ಮತ್ತೆ ಮೊದಲಿನಿಂದ, ಏಳೆಂಟು ನಿಮಿಷ ದಂಡ. ಎರಡು ತಿಂಗಳಲ್ಲಿ ಆರು ಪದ ಹೇಗೋ ಮುಗಿದವು. ದಂತವೈದ್ಯರ ದಿನ ಎರಡು ಸಲ ಮುಂದೆ ಹೋಯಿತು. ಮೂರನೆಯ ಸಲ ಅವರು ಫೋನಿನಲ್ಲಿ, “ಸೋಮವಾರ ಮುಂಜಾನೆ ಹತ್ತಕ್ಕ ಬರ್ರಿ, ಇಲ್ಲಾಂದ್ರ ಬ್ಯಾರೆ ಡಾಕ್ಟರ್ ನೋಡ್ಕೋರಿ,” ಎಂದರಂತೆ. ಹಾಗಾಗಿ ಏಳನೆಯ ಪದಕ್ಕೆ ಉಳಿದದ್ದು ಭಾನುವಾರ ಒಂದೇ ದಿನ. ಅದೇ ಎಲ್ಲಕ್ಕಿಂತ ದೊಡ್ಡದು, ಐದು ನುಡಿಯದು, ಒಂಬತ್ತು ನಿಮಿಷದ್ದು: ‘ಒಲಿ ಮ್ಯಾಲ ಹಾಲದ, ಒಳಗ ಬಾ ಮಾತಿಗಿ’. ಕಟ್ಟೆಯ ಮೇಲೆ ಊರಿಗೆಲ್ಲ ಉಪದೇಶ ಮಾಡುತ್ತ ಕುಳಿತ ಗಂಡನನ್ನು ನಿಂಬೆವ್ವ ಐದು ಸಲ ಒಳಗೆ ಕರೆಯುತ್ತಾಳೆ. ಅವನು ಏಳುವುದಿಲ್ಲ. ಕೊನೆಗೆ, ‘ಹಾಲ ಉಕ್ಕಿತು ನೋಡೋ, ನಿಂಬೆವ್ವನ ಸೋಮ’.

ಭಾನುವಾರ ಒಂಬತ್ತಕ್ಕೆ ಸ್ಟುಡಿಯೋದಲ್ಲಿ ಕುಳಿತೆವು. ಪಕ್ಕದಲ್ಲಿ ನೆಲಕ್ಕೆ ಹಾಸುವ ಫರಶಿ ಕಲ್ಲು ಕೊಯ್ಯುವ ಮಷೀನು ಇದೆ. ಭಾನುವಾರ ಅದು ಬಂದ್ ಇರುತ್ತದೆ, ಆ ಭಾನುವಾರ ಒಂದನ್ನು ಬಿಟ್ಟು. ಯಾರದೋ ಗೃಹಪ್ರವೇಶಕ್ಕೆ ಕಲ್ಲು ಕಡಿಮೆ ಬಿದ್ದಿತ್ತು. ನಾವು ಎರಡನೆಯ ನುಡಿಗೆ ಬರುವುದಕ್ಕೂ ಮಷೀನು ‘ಗರ್ರ್’ ಎಂದು ಶುರುವಾಗುವುದಕ್ಕೂ ಸರಿಹೋಯಿತು. ಜಬೀನಾ ಈ ಸಲ ಕೈಯೆತ್ತಲಿಲ್ಲ. ಕಿವಿಯ ಮೇಲಿನ ಹೆಡ್‌ಫೋನು ತೆಗೆದಿಟ್ಟು, ಶೇಂಗಾ ಸುಲಿಯುತ್ತ ಕುಳಿತಳು. ಉಳಿದ ಏಳು ನಿಮಿಷ ಹಾಡಿ ಅಂಕಿತ ಮುಟ್ಟಿಸಿದೆವು.

“ಚಾಚಾ, ಕಲ್ಲು ಕೊಯ್ಯೋದು ಮಸ್ತ್ ರೆಕಾರ್ಡ್ ಆಗ್ಯಾದ,” ಎಂದಳು. “ಹಿಂದ ಸ್ವಲ್ಪ ನೀವೂ ಕೇಳಸ್ತೀರಿ.”

“ನಮ್ಮನಿಗಿ ನಡೀರಿ,” ಎಂದು ಸಾಯಬಣ್ಣ ಎದ್ದ.

“ನಿಮ್ಮನಿ ಸ್ಟೇಷನ್ ಬಾಜೂಕ ಅದಲ್ರಿ ಮುಕಾದಮ್ರ?” ಎಂದಳು ಗುಂಡಮ್ಮ.

“ವಾಡಿ ಗಾಡಿಗೋಳ ಟೈಮ್ ನನಗ ಕೇಳು. ಹನ್ನೆರಡು ಹತ್ತರಿಂದ ಹನ್ನೆರಡು ಮೂವತ್ತೈದರ ತನಕ ಮ್ಯಾಲಿನ ಗಾಡಿ ಇಲ್ಲ, ಕೆಳಗಿನ ಗಾಡಿ ಇಲ್ಲ. ಹಳಿ ಮ್ಯಾಲ ಹಾಸಗಿ ಹಾಸಿ ಮಲಗಬಹುದು.”

ಜಬೀನಾಳ ವ್ಯಾನಿನಲ್ಲಿ ಲ್ಯಾಪ್‌ಟಾಪು, ಮೈಕು, ನಾಲ್ಕು ಏಕತಾರಿ ಸಮೇತ ವಾಡಿಗೆ ಹೋದೆವು. ಹನ್ನೆರಡು ಹತ್ತು ಆಯಿತು. ನಿಜಕ್ಕೂ ನಿಶ್ಶಬ್ದ. ಸಾಯಬಣ್ಣ ನಮ್ಮತ್ತ ನೋಡಿದ ನೋಟದಲ್ಲಿ ಇಡೀ ವಲಯದ ರೈಲುಗಳನ್ನು ತಾನೇ ತಡೆದು ನಿಲ್ಲಿಸಿದ ಗತ್ತಿತ್ತು. ಹಾಡು ಎತ್ತಿಕೊಂಡ. ಒಂದು, ಎರಡು, ಮೂರು ನುಡಿ ದಾಟಿದೆವು. ನಾಲ್ಕನೆಯ ನುಡಿಗೆ ಸಿಮೆಂಟು ತುಂಬಿದ ಗೂಡ್ಸು ಗಾಡಿಯೊಂದು ಹಾರ್ನು ಹೊಡೆದು ನಿಧಾನಕ್ಕೆ ಹೊರಟಿತು. ಕಿಟಕಿಯ ಗಾಜು, ತಾಟು, ನನ್ನ ಏಕತಾರಿ ಎಲ್ಲವೂ ನಡುಗಿದವು. ನಿಲ್ಲಿಸುವಂತಿಲ್ಲ, ಹಾಡಿದೆವು. ಸಾಯಬಣ್ಣನ ಬಲಗೈ ತಂತಿ ಮೀಟುತ್ತಿದ್ದರೆ ಎಡಗೈ ಬೆರಳುಗಳು ಅಭ್ಯಾಸಬಲದಿಂದ ಡಬ್ಬಿ ಎಣಿಸುತ್ತಿದ್ದವು.

“ಗೂಡ್ಸಿಗಿ ಟೈಮ್ ಟೇಬಲ್ ಇರಲ್ಲ,” ಎಂದ ಮುಗಿದ ಮೇಲೆ, ತಪ್ಪು ಗೂಡ್ಸಿನದೇ ಎಂಬಂತೆ.

“ಅದೂ ಖರೇನ,” ಎಂದ ಭೀಮಶ್ಯಾ. ಆಮೇಲೆ ಮೆಲ್ಲಗೆ, “ಐದೂವರಿಗಿ ನನ್ನ ಬಸ್ ಅದರಿ,” ಎಂದೂ ಸೇರಿಸಿದ. ಅವನು ಸ್ವಂತದ್ದೊಂದು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಾಯಬಣ್ಣನ ಬಲಗೆನ್ನೆ ಅಷ್ಟರಲ್ಲಿ ಊದಿಕೊಳ್ಳತೊಡಗಿತ್ತು. ಗುಂಡಮ್ಮ ಲವಂಗ ಕೊಟ್ಟಳು. ಅವನು ಅದನ್ನು ಒಸಡಿಗೆ ಒತ್ತಿಕೊಂಡು ಗೋಡೆ ನೋಡುತ್ತ ಕುಳಿತ. ಬೈಯಲಿಕ್ಕೆ ಯಾರೂ ಸಿಗದೆ, “ಈ ದೇಶದಾಗ ಒಂಬತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕುಂದ್ರೋರು ಒಬ್ಬರೂ ಇಲ್ಲ,” ಎಂದ.

“ನಮ್ಮ ತಮ್ಮನ ಮನ್ಯಾಗ ಈ ಸಲದ ತೊಗರಿ ಒಳಮನಿಗಿ ಒಟ್ಟಾರರಿ,” ಎಂದಳು ಗುಂಡಮ್ಮ. “ನೆಲದಿಂದ ಜಂತಿತನಕ ಬರೇ ಚೀಲ. ಒಳಗ ಹೋಗಿ ಒದರಿದ್ರೂ ಹೊರಗ ಕೇಳಸಂಗಿಲ್ಲ. ಹೊರಗಿಂದು ಒಳಗ ಬರಂಗಿಲ್ಲ.”

ಜಬೀನಾ ತಲೆಯೆತ್ತಿದಳು. “ಅಕ್ಕಾ, ಎರಡು ತಿಂಗಳಿಂದ ಇದು ಯಾಕ ಹೇಳಿಲ್ಲ?”

“ನನಗ ಯಾರು ಕೇಳ್ಯಾರವಾ?”

ದಂಡೋತಿ ತಲುಪಿದಾಗ ಮೂರು ಗಂಟೆ. ಒಳಮನೆಗೆ ಕಾಲಿಟ್ಟರೆ ಕಿವಿಗೆ ಹತ್ತಿ ಇಟ್ಟ ಹಾಗಾಯಿತು. ಮೂರೂ ಗೋಡೆಗೆ ಚೀಲ, ನಡುವೆ ಒಬ್ಬರು ಹಾಯುವಷ್ಟು ಸಂದಿ. ಜಬೀನಾ ಚಪ್ಪಾಳೆ ತಟ್ಟಿ ನೋಡಿದಳು. ಸದ್ದು ಅಲ್ಲೇ ಸತ್ತಿತು. “ಯಾ ಅಲ್ಲಾ, ಬೆಂಗಳೂರಾಗ ಲಕ್ಷಗಟ್ಟಲೆ ಹಾಕಿ ಕಟ್ಟಸ್ತಾರ ಇಂಥಾದ್ದು,” ಎಂದಳು. ಸಂದಿ ಸಣ್ಣದಾದ್ದರಿಂದ ಎಂದಿನಂತೆ ಸುತ್ತುವರಿದು ಕೂರಲಾಗಲಿಲ್ಲ. ರೈಲಿನ ಡಬ್ಬಿಗಳ ಹಾಗೆ ಒಬ್ಬರ ಹಿಂದೊಬ್ಬರು ಕುಳಿತೆವು. ಮೈಕಿನ ಮುಂದೆ ಎಂಜಿನ್ನಾಗಿ ಸಾಯಬಣ್ಣ, ಅವನ ಬೆನ್ನಿಗೆ ಭೀಮಶ್ಯಾ, ಆಮೇಲೆ ಗುಂಡಮ್ಮ, ಬಾಗಿಲಿಗೆ ನಾನು.

ಆ ಹಾಡಿಕೆ ಹೇಗಿತ್ತು ಎಂದರೆ, ನಾನೂ ತಪ್ಪು ಮಾಡಲಿಲ್ಲ. ನೋವಿಗೋ ಏನೋ ಸಾಯಬಣ್ಣ ದನಿ ಏರಿಸದೆ ಹಾಡಿದ. ಮುಕಾದಮ ಎಲ್ಲೋ ಹೊರಗೆ ಉಳಿದು ಬರೀ ಸಾಯಬಣ್ಣ ಒಳಗೆ ಬಂದಂತಿತ್ತು. ಐದನೆಯ ನುಡಿ ಮುಗಿಯಿತು. ಜಬೀನಾಳ ಕಣ್ಣಲ್ಲಿ ನೀರು ನಿಂತಿತ್ತು. ಹಾಡಿಗೋ ಬಿಡುಗಡೆಗೋ ತಿಳಿಯದು. ಸಾಯಬಣ್ಣ ಉಸಿರು ಎಳೆದುಕೊಂಡು ಅಂಕಿತ ಹಾಡಿದ: “ಹಾಲ ಉಕ್ಕಿತು ನೋಡೋ, ಗುರು ಸೋಮ…”

ಗುಂಡಮ್ಮನ ತಂತಿ ನಿಂತಿತು. ಭೀಮಶ್ಯಾ ಕೂಡ “ಅದೂ ಖರೇನ” ಅನ್ನಲಿಲ್ಲ.

“ಏನಾತು?” ಎಂದ ಸಾಯಬಣ್ಣ.

“ಗುರು ಅಂದ್ರಿ,” ಎಂದಳು ಗುಂಡಮ್ಮ.

“ಯಾರು? ನಾನಾ?”

ಜಬೀನಾ ತಿರುಗಿ ಹಾಕಿ ಕೇಳಿಸಿದಳು. ತೊಗರಿ ಚೀಲಗಳ ನಡುವೆ ಅವನದೇ ದನಿ ಅಚ್ಚುಕಟ್ಟಾಗಿ ‘ಗುರು ಸೋಮ’ ಎಂದಿತು. “ಚಾಚಾ, ಮುಂಜಾನಿ ಅಂಕಿತ ತಂದು ಇಲ್ಲಿ ಅಂಟಸ್ಲಾ? ಎರಡೇ ಸೆಕೆಂಡ್,” ಎಂದಳು, ಉತ್ತರ ಗೊತ್ತಿದ್ದೂ.

“ಕಲ್ಲು ಕೊಯ್ಯೋ ಸಪ್ಪಳದ ಸೋಮಗ ಇಲ್ಲಿ ತಂದು ಕೂಡಸ್ತೀ? ಇನ್ನೊಮ್ಮಿ ಹಾಡೂಣು.”

ಇನ್ನೊಮ್ಮೆ ಹಾಡಿದೆವು. ಪದ ಎತ್ತಿಕೊಳ್ಳುವ ಮುಂಚೆ ಅವನು ‘ನಿಂಬೆವ್ವ, ನಿಂಬೆವ್ವ’ ಎಂದು ಹತ್ತು ಸಲ ಗೊಣಗಿಕೊಂಡದ್ದನ್ನು ನಾವೆಲ್ಲ ಕೇಳಿದೆವು. ಒಂಬತ್ತು ನಿಮಿಷದ ಮೇಲೆ ನಲವತ್ತು ವರ್ಷದ ನಾಲಿಗೆ ಮತ್ತೆ ‘ಗುರು’ವಿಗೇ ಹೋಗಿ ನಿಂತಿತು.

ಸಾಯಬಣ್ಣ ಕೆಂಪಗಾದ. “ಆರು ಪದಕ್ಕ ಒಮ್ಮೆರೆ ತಪ್ಪಿಲ್ಲ. ಮುಂಜಾನಿ ತಪ್ಪಿಲ್ಲ, ವಾಡ್ಯಾಗ ತಪ್ಪಿಲ್ಲ. ಇವತ್ತ ಇಲ್ಲೇ ಯಾಕ?”

ಗುಂಡಮ್ಮ ತಂತಿ ಒರೆಸುತ್ತಿದ್ದಳು. “ಅಲ್ಲೆಲ್ಲಾ ನಾ ನಿಮ್ಮ ಎದುರಿಗಿ ಕುಂದರತಿದ್ದೆನ್ರಿ. ಅಂಕಿತ ಬಂದಾಗೊಮ್ಮಿ ನನ್ನ ತುಟಿ ನೋಡತಿದ್ರಿ. ನಾ ‘ನಿಂ’ ಅಂತ ಮೊದಲ ತುಟಿ ಕೂಡಸ್ತಿದ್ದೆ.”

“ನಾನು? ನಿನ್ನ ತುಟಿ ನೋಡಿ?”

“ಅದೂ ಖರೇ…” ಎಂದು ಶುರು ಮಾಡಿದ ಭೀಮಶ್ಯಾ, ಬೆನ್ನು ಕೊಟ್ಟಿದ್ದ ಮುಕಾದಮ ತಿರುಗಿದ್ದು ಕಂಡು ಅಲ್ಲಿಗೇ ಬಿಟ್ಟ.

ಎದುರು ಬದುರಾಗಿ ಕೂರೋಣವೆಂದರೆ ಜಾಗವಿಲ್ಲ. ಗುಂಡಮ್ಮನನ್ನು ಮುಂದೆ ಕೂರಿಸಬಹುದಿತ್ತು, ನಾನು ಹಾಗೆಂದೆ. ಶೋಧಕನ ಮುಖ ನೋಡಿ ನನ್ನ ಮಾತನ್ನು ನಾನೇ ಹಿಂತೆಗೆದುಕೊಂಡೆ. ನಾಲ್ಕೂ ನಲವತ್ತಾಗಿತ್ತು. ಭೀಮಶ್ಯಾನಿಗೆ ಬಸ್ಸು ಸಿಗಬೇಕಾದರೆ ಇನ್ನೊಂದೇ ಸಲ. ಸಾಯಬಣ್ಣನ ಕೆನ್ನೆಯ ಊತ ಈಗ ಕಣ್ಣಿನವರೆಗೆ ಏರಿತ್ತು. ಬಾಯಿ ಎರಡು ಬೆರಳಿನಷ್ಟು ತೆರೆದರೆ ಹೆಚ್ಚು.

ಹಾಡಿದ. ಐದು ನುಡಿಯನ್ನೂ ಹಾಡಿದ. ಬರೀ ‘ಸ’ ಮಾತ್ರ ಯಾವತ್ತಿನಂತೆ ಸ್ಪಷ್ಟವಿತ್ತು; ಅದನ್ನವನು ಒಂದೊಂದಾಗಿ ಒರೆಸಿ ಇಡುತ್ತಿದ್ದ. ಕೊನೆಯ ಸಾಲು ಬಂತು. “ಹಾಲ ಉಕ್ಕಿತು ನೋಡೋ…” ಎಂದ. ಅಲ್ಲಿಗೆ ನಿಂತ.

ಮುಂದೆ ಬರಲೇ ಇಲ್ಲ. ಕುತ್ತಿಗೆಯ ನರ ಎದ್ದಿತ್ತು, ಬಾಯಿ ತೆರೆದಿತ್ತು, ಆದರೆ ನಾಲಿಗೆಯನ್ನು ನಂಬುವ ಧೈರ್ಯ ಆ ಮನುಷ್ಯನಿಗಿರಲಿಲ್ಲ. ‘ಗುರು’ ಎಂದುಬಿಟ್ಟರೆ ಮುಗಿಯಿತು; ಏನೂ ಅನ್ನದಿದ್ದರೆ ಕಟ್ಟಳೆ ಮುರಿಯಿತು. ನಾಲ್ಕು ತಂತಿ ಸುಮ್ಮನೆ ಮಿಡಿಯುತ್ತಿದ್ದವು. ಒಂದು ಸುತ್ತು. ಇನ್ನೊಂದು ಸುತ್ತು.

ಹಿಂದಿನಿಂದ ಗುಂಡಮ್ಮನ ದನಿ ಬಂತು. ಬೇಳೆ ಹಸನು ಮಾಡುವಾಗಿನದೇ ದನಿ, ಅಷ್ಟೇ ಸಣ್ಣದು: “ನಿಂಬೆವ್ವನ ಸೋಮ.”

ಅಂಕಿತ ಮುಟ್ಟಿತ್ತು. ಇನ್ನು ತಿದ್ದುವಂತಿಲ್ಲ.

ಸಾಯಬಣ್ಣ ಏಕತಾರಿ ಕೆಳಗಿಟ್ಟ. ಅವನು ಗುಂಡಮ್ಮನಿಗೆ ಏನಾದರೂ ಒಳ್ಳೆಯ ಮಾತು ಹೇಳಿದ ಎಂದು ಬರೆಯಬೇಕೆಂಬ ಆಸೆ ನನಗಿದೆ. ಅವನು ಅಂದದ್ದು, “ಒಂಬತ್ತು ನಿಮಿಷ ಹಾಲ ಕಾಸಿದವ ನಾನು, ಇಳಸಿದಾಕಿ ನೀನು!”

“ಉಕ್ಕಿ ಹೋಗೂದು ಬ್ಯಾಡಂತ ಇಳಿಸಿದೆನ್ರಿ,” ಎಂದು ಅವಳು ಚಹಾ ಮಾಡಲು ಎದ್ದಳು. ಇನ್ನೊಮ್ಮೆ ಹಾಡಲು ಅವನು ಬಾಯಿ ತೆರೆಯಲು ನೋಡಿದ. ತೆರೆಯಲಿಲ್ಲ.

ಮರುದಿನ ಹತ್ತಕ್ಕೆ ಆರು ಹಲ್ಲು ಹೋದವು. ಜಬೀನಾ ಏಳೂ ಪದಗಳನ್ನು ಯೂಟ್ಯೂಬಿಗೆ ಹಾಕಿದಳು. ‘ಶೋಧ ಮತ್ತು ಮುಖ್ಯ ಗಾಯನ: ಸಾಯಬಣ್ಣ ಮುಕಾದಮ’ ಎಂದು ದೊಡ್ಡದಾಗಿ ಬರೆದಿದ್ದಳು. ಏಳನೆಯ ಪದದ ಕೆಳಗೆ ತೆಂಗಳಿಯ ಯಾರೋ ಪುಣ್ಯಾತ್ಮರು ಬರೆದರು: ‘ಕೊನಿಗಿ ಬಂದ ಹೆಣ್ಮಗಳ ದನಿ ಯಾರದರಿ? ಭಾಳ ಛಲೋ ಅದ. ಆಕಿಯಿಂದನೇ ಪೂರಾ ಹಾಡಸ್ಬೇಕಿತ್ತು.’ ಸಾಯಬಣ್ಣ ಹಲ್ಲಿಲ್ಲದ ಬಾಯಲ್ಲಿ ನನಗೆ ಫೋನು ಮಾಡಿ ಅರ್ಧ ತಾಸು ಬೈದ. ಯಾರನ್ನು ಬೈದನೋ, ಒಂದಕ್ಷರ ತಿಳಿಯಲಿಲ್ಲ. ನಾನು ಹೂಂ ಅನ್ನುತ್ತಿದ್ದೆ.

ಆರು ವಾರದ ಮೇಲೆ ಹಲ್ಲಿನ ಸೆಟ್ಟು ಬಂತು. ಮೊದಲ ದಿನವೇ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ದಂಡೋತಿಗೆ ಹೊರಟ. ಗುಂಡಮ್ಮ ಕಟ್ಟೆಯ ಮೇಲಿದ್ದಳು. “ಬರ್ರಿ, ಕುಂದ್ರಿ,” ಎಂದಳು. ಅವನು ಕೂರಲಿಲ್ಲ.

“ಏಳನೇದು ಮತ್ತೊಮ್ಮಿ ರೆಕಾರ್ಡ್ ಮಾಡೂಣು. ಅಂಕಿತ ನಾ ಪಕ್ಕಾ ಮಾಡಿಕೊಂಡು ಬಂದೀನಿ. ಕೇಳು,” ಎಂದು ಗಂಟಲು ಸರಿಪಡಿಸಿಕೊಂಡ. ನಡುವೆ ತಡೆದ. “ಆದ್ರ ‘ಸ’ ಸ್ವಲ್ಪ ಸೀಟಿ ಹೊಡೀತದ. ನಗಬ್ಯಾಡ.”

“ನೀವು ಥೋಮ ಅಂದ್ರೂ ತಾತಗ ತಿಳೀತದರಿ,” ಎಂದಳು ಗುಂಡಮ್ಮ, ಮೊರ ಬದಿಗಿಟ್ಟು ಅವನ ಮುಖವನ್ನೇ ನೋಡುತ್ತ. “ನೀವು ಮೊದಲ ನಿಂಬೆವ್ವನ ಹೆಸರ ಹಿಡೀರಿ.”

ಅವನು ಅವಳ ತುಟಿಯತ್ತ ನೋಡದಿರಲು ಕಣ್ಣು ಮುಚ್ಚಿಕೊಂಡ. ಮೂರು ಸಲ ಹಾಡಿದ. ಮೂರು ಸಲವೂ ಗುರುವೇ ಬಂದ, ಸೀಟಿ ಹೊಡೆಯುತ್ತ.